ತೈಲಯಂತ್ರದ ಹಿತವಾದ ವೇಗ

ನಂದಿಬೆಟ್ಟದಲ್ಲಿ ಹುಟ್ಟಿ ದೊಡ್ಡಬಳ್ಳಾಪುರದ ಕಡೆಗೆ ಇಳಿಯುವ ಅರ್ಕಾವತಿ, ಹೊಸಕೋಟೆಯ ಬಯಲನ್ನು ಹಾಯುವ ದಕ್ಷಿಣ ಪಿನಾಕಿನಿ, ಶಿವಗಂಗೆಯ ಮಗ್ಗುಲಿನಿಂದ ನೆಲಮಂಗಲದ ಸೀಮೆಗೆ ಬರುವ ಕುಮುದ್ವತಿ - ಹೀಗೆ ಹೆಸರಿಸಲು ಮೂರು ನದಿಗಳಿದ್ದರೂ, ವರ್ಷವಿಡೀ ತುಂಬಿ ಹರಿಯುವ ಹೊಳೆಯೆಂಬುದು ಈ ನಾಡಿಗೆ ಇಲ್ಲ. ಇಲ್ಲಿಯ ಬೇಸಾಯವು ಕೆರೆಯನ್ನೂ ಬಾವಿಯನ್ನೂ ನೆಚ್ಚಿ ಬಂದುದು. ಬಾವಿಯ ನೀರನ್ನು ಮೇಲೆತ್ತಲು ತಲತಲಾಂತರದಿಂದ ಏತವೂ ಕಪಿಲೆಯೂ ಬಳಕೆಯಲ್ಲಿದ್ದುವು. ಇಳಿಜಾರು ದಾರಿಯಲ್ಲಿ ಎತ್ತಿನ ಜೋಡಿ ಮುಂದಕ್ಕೆ ನಡೆದರೆ ತೊಗಲಿನ ಚೀಲ ತುಂಬಿ ಮೇಲೆ ಬರುವುದು. ಹಿಂದಕ್ಕೆ ನಡೆದರೆ ಬರಿದಾಗಿ ಕೆಳಗಿಳಿಯುವುದು. ಎತ್ತು ದಣಿದರೆ ತಾನೇ ನಿಲ್ಲುತ್ತಿತ್ತು, ನಿಂತ ಎತ್ತಿಗೆ ಹುಲ್ಲು ಹಾಕುತ್ತಿದ್ದರು. ಯಂತ್ರವು ಹಾಗೆ ದಣಿವನ್ನು ಹೇಳಿಕೊಳ್ಳುವುದಿಲ್ಲ. ಅದರ ದಣಿವನ್ನು ಅಳೆದು ತಿಳಿಯುವ ಹೊಣೆ ಅದನ್ನು ನಡೆಸುವವನ ಮೇಲೆ ಬಿದ್ದಿದೆ.

ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು. 1905ರಲ್ಲಿ ಬೆಂಗಳೂರಿನ ಬೀದಿಗಳನ್ನು ಬೆಳಗಿತು. ಆದರೆ ಹಳ್ಳಿಯ ಬಾವಿಕಟ್ಟೆಯನ್ನು ಆ ತಂತಿ ತಲಪಲು ದಶಕಗಳೇ ಹಿಡಿದುವು. ಈ ನಡುಗಾಲದಲ್ಲಿ ರೈತನ ನೆರವಿಗೆ ಬಂದುದು ಡೀಸೆಲ್ ತೈಲಯಂತ್ರ. ರುಡಾಲ್ಫ್ ಡೀಸೆಲ್ ಎಂಬ ಜರ್ಮನಿಯ ಯಂತ್ರಜ್ಞನು 1897ರಲ್ಲಿ ಆಗ್ಸ್‌ಬರ್ಗ್ ನಗರದಲ್ಲಿ ನಡೆಸಿ ತೋರಿಸಿದ ಮೊದಲ ಎಂಜಿನ್ ಆಳೆತ್ತರಕ್ಕೂ ಮಿಗಿಲಾದ ಭಾರಿ ಯಂತ್ರ. ಅದನ್ನು ಕಿರಿದುಗೊಳಿಸಿ ಹೊಲದ ಮೂಲೆಗೆ ತಂದವರು ಅನಂತರದವರು. ಇಂಗ್ಲೆಂಡಿನ ಡರ್ಸ್ಲಿ ಎಂಬ ಊರಿನ ಲಿಸ್ಟರ್ ಕಂಪನಿಯು 1930ರ ಸುಮಾರಿಗೆ ಹೊರತಂದ ಒಂಟಿ ಸಿಲಿಂಡರಿನ ನಿಧಾನಗತಿಯ ಎಂಜಿನ್ ಭಾರತದಲ್ಲಿ ಬಹುವಾಗಿ ಹರಡಿತು. ಗುಜರಾತಿನ ರಾಜಕೋಟೆಯ ಕಾರ್ಖಾನೆಗಳು ಅದೇ ಮಾದರಿಯನ್ನು ಎರಕಹೊಯ್ದು ಊರೂರಿಗೆ ಕಳುಹಿಸಿದುವು. 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಾಗಿ ಮೊದಲಾದ ಕಿರ್ಲೋಸ್ಕರ್ ಮನೆತನದ ಉದ್ಯಮವು 1946ರಲ್ಲಿ ಪುಣೆಯ ಖಡಕಿಯಲ್ಲಿ ಆಯಿಲ್ ಎಂಜಿನ್ ಕಾರ್ಖಾನೆಯನ್ನು ಸ್ಥಾಪಿಸಿತು. ಅಲ್ಲಿಂದ ಬಂದ ಚಿಕ್ಕ ಗಾತ್ರದ, ಹೆಚ್ಚು ವೇಗದ ಎಂಜಿನ್ನುಗಳು ಹಳೆಯ ದೊಡ್ಡ ಗಾಲಿಯ ಯಂತ್ರಗಳ ಜೊತೆಗೆ ನಿಂತುವು.

ಇಂದು ಬಾವಿಗಳು ಬತ್ತಿ, ನೂರಾರು ಅಡಿ ಆಳದ ಕೊಳವೆಬಾವಿಗಳಲ್ಲಿ ವಿದ್ಯುತ್ ಪಂಪುಗಳು ಮುಳುಗಿ ದುಡಿಯುತ್ತಿವೆ ಎಂಬುದು ನಿಜ. ಆದರೂ ಸಣ್ಣ ಡೀಸೆಲ್ ಎಂಜಿನ್ ಈ ಸೀಮೆಯಿಂದ ಮರೆಯಾಗಿಲ್ಲ. ಕೃಷಿ ಹೊಂಡದ ದಡದಲ್ಲಿ, ಪವರ್ ಟಿಲ್ಲರಿನ ಮೂತಿಯಲ್ಲಿ, ಮಗ್ಗದ ಮನೆಯ ಹಿಂದಿನ ಜನರೇಟರಿನಲ್ಲಿ ಅದು ಇದ್ದೇ ಇದೆ. ಅದನ್ನು ಕೊಳ್ಳುವಾಗ ಎಷ್ಟು ಅಶ್ವಶಕ್ತಿ, ಎಷ್ಟು ಬೆಲೆ ಎಂದು ವಿಚಾರಿಸುವವರು ಹಲವರು. ಯಾವ ವೇಗದಲ್ಲಿ ಓಡಿಸಬೇಕು ಎಂದು ಕೇಳುವವರು ವಿರಳ. ಎಂಜಿನ್ನಿನ ಆಯುಷ್ಯವೂ ತೈಲದ ಖರ್ಚೂ, ಕೆಲವೊಮ್ಮೆ ನಡೆಸುವವನ ಪ್ರಾಣವೂ ಈ ಕೇಳದ ಪ್ರಶ್ನೆಯನ್ನೇ ಆಶ್ರಯಿಸಿವೆ.

ವೇಗದ ವಿಷಯದಲ್ಲಿ ಜನರಲ್ಲಿ ಎರಡು ನಂಬಿಕೆಗಳಿವೆ. ಹೆಚ್ಚು ಓಡಿಸಿದಷ್ಟೂ ಹೆಚ್ಚು ನೀರು ಎಂಬುದು ಒಂದು. ನಿಧಾನವಾಗಿ ಓಡಿಸಿದಷ್ಟೂ ಯಂತ್ರ ಹೆಚ್ಚು ಕಾಲ ಬಾಳುವುದು ಎಂಬುದು ಇನ್ನೊಂದು. ಎರಡರಲ್ಲಿಯೂ ಅರ್ಧ ಸತ್ಯವಿದೆ. ಉಳಿದರ್ಧವನ್ನು ಅರಿಯಬೇಕಾದರೆ ಎಂಜಿನ್ನಿನ ಒಳಗೆ ನಡೆಯುವ ಕೆಲಸವನ್ನು ತುಸು ನೋಡಬೇಕು.

ಡೀಸೆಲ್ ಎಂಜಿನ್ನಿನಲ್ಲಿ ಕಿಡಿ ಹಾರಿಸುವ ಸಾಧನವಿಲ್ಲ. ಒಳಗೆ ಸೆಳೆದುಕೊಂಡ ಗಾಳಿಯನ್ನು ಪಿಸ್ಟನ್ನು ಹದಿನಾರು ಹದಿನೇಳನೆಯ ಒಂದು ಪಾಲಿಗೆ ಒತ್ತುತ್ತದೆ. ಒತ್ತಿದ ಗಾಳಿ 500 ಡಿಗ್ರಿ ಸೆಲ್ಸಿಯಸ್‌ಗೂ ಮೀರಿ ಕಾಯುತ್ತದೆ. ಆ ಕ್ಷಣದಲ್ಲಿ ತೈಲವು ಮಂಜಿನಂತೆ ಸಿಡಿದು ತಾನೇ ಹೊತ್ತಿಕೊಳ್ಳುತ್ತದೆ. ಎರಡು ಸುತ್ತಿಗೆ ಒಮ್ಮೆ ಮಾತ್ರ ಈ ಉರಿ. ಉಳಿದ ಒಂದೂವರೆ ಸುತ್ತನ್ನು ಗಾಲಿಯ ತೂಕವೇ ಎಳೆದುಕೊಂಡು ಹೋಗಬೇಕು. ನಿಮಿಷಕ್ಕೆ 1500 ಸುತ್ತು ತಿರುಗುವ ಎಂಜಿನ್ನಿನಲ್ಲಿ ಪಿಸ್ಟನ್ನು ಮೇಲಿನಿಂದ ಕೆಳಕ್ಕಿಳಿಯಲು ಸೆಕೆಂಡಿನ ಐವತ್ತನೆಯ ಒಂದು ಭಾಗವಷ್ಟೇ ಸಿಗುತ್ತದೆ. ತೈಲವು ಬೆರೆತು, ಉರಿದು, ತಳ್ಳಿ ಮುಗಿಯುವುದೆಲ್ಲ ಅಷ್ಟರೊಳಗೇ ಆಗಬೇಕು. ವಿನ್ಯಾಸಕಾರನು ತೈಲ ಸಿಡಿಸುವ ಹೊತ್ತನ್ನೂ ಕವಾಟಗಳ ತೆರವನ್ನೂ ಗಾಲಿಯ ತೂಕವನ್ನೂ ಒಂದು ನಿರ್ದಿಷ್ಟ ವೇಗಕ್ಕೆ ಹೊಂದಿಸಿಟ್ಟಿರುತ್ತಾನೆ. ನಾಮಫಲಕದ ಮೇಲೆ ಕೊರೆದಿರುವ ಅಂಕಿ ಆ ಹೊಂದಾಣಿಕೆಯ ಗುರುತು.

ಹಳೆಯ ಆರು ಅಶ್ವಶಕ್ತಿಯ ಲಿಸ್ಟರ್ ಮಾದರಿಯ ವೇಗ ನಿಮಿಷಕ್ಕೆ 650 ಸುತ್ತು. ಕಿರ್ಲೋಸ್ಕರಿನ ಐದು ಅಶ್ವಶಕ್ತಿಯ ಎ.ವಿ. 1 ಎಂಬ ಮಾದರಿಯದು 1500 ಸುತ್ತು. ಮೊದಲನೆಯದು ಸೌಮ್ಯ, ಎರಡನೆಯದು ಎರಡೂವರೆ ಪಾಲು ಉಗ್ರ ಎಂದು ಮೇಲುನೋಟಕ್ಕೆ ತೋರೀತು. ಆದರೆ ಸವೆತವನ್ನು ನಿರ್ಧರಿಸುವುದು ಸುತ್ತುಗಳ ಎಣಿಕೆಗಿಂತ ಹೆಚ್ಚಾಗಿ ಪಿಸ್ಟನ್ನಿನ ಸರಾಸರಿ ವೇಗ. ಲೆಕ್ಕ ಸುಲಭ: ಒಂದು ಸುತ್ತಿನಲ್ಲಿ ಪಿಸ್ಟನ್ನು ತನ್ನ ಹೊಡೆತದ ಉದ್ದವನ್ನು ಎರಡು ಬಾರಿ ಕ್ರಮಿಸುತ್ತದೆ. ಲಿಸ್ಟರಿನ ಹೊಡೆತ ಐದೂವರೆ ಅಂಗುಲ, ಎಂದರೆ ಸುಮಾರು 140 ಮಿಲಿಮೀಟರು. 650 ಸುತ್ತಿಗೆ ಸೆಕೆಂಡಿಗೆ 3 ಮೀಟರು. ಎ.ವಿ. 1ರ ಹೊಡೆತ 110 ಮಿಲಿಮೀಟರು. 1500 ಸುತ್ತಿಗೆ ಸೆಕೆಂಡಿಗೆ 5.5 ಮೀಟರು. ಅಂತರವು ಎರಡು ಪಾಲಿಗೂ ಕಡಿಮೆ. ಚಿಕ್ಕ ಯಂತ್ರವು ವೇಗವಾಗಿ ತಿರುಗುವುದು ದೋಷವಲ್ಲ. ತನ್ನ ವೇಗವನ್ನು ಮೀರಿ ತಿರುಗುವುದು ದೋಷ.

ಏಕೆಂದರೆ ಮೇಲೆ ಕೆಳಗೆ ಓಡಾಡುವ ಪಿಸ್ಟನ್ನನ್ನು ಪ್ರತಿ ತುದಿಯಲ್ಲಿಯೂ ತಡೆದು ಹಿಂದಿರುಗಿಸಬೇಕು. ಹಾಗೆ ಹಿಂದಿರುಗಿಸುವ ಬಲವು ವೇಗದ ವರ್ಗಕ್ಕೆ ಅನುಗುಣವಾಗಿ ಬೆಳೆಯುತ್ತದೆ. ವೇಗವನ್ನು ನೂರಕ್ಕೆ ಹತ್ತರಷ್ಟು ಹೆಚ್ಚಿಸಿದರೆ ಬಲ ಇಪ್ಪತ್ತೊಂದರಷ್ಟು ಹೆಚ್ಚುತ್ತದೆ. ಇಪ್ಪತ್ತರಷ್ಟು ಹೆಚ್ಚಿಸಿದರೆ ನಲವತ್ತನಾಲ್ಕರಷ್ಟು. ಇದನ್ನೆಲ್ಲ ಹೊರುವುದು ಕನೆಕ್ಟಿಂಗ್ ರಾಡಿನ ಬುಡದ ಎರಡು ಬೋಲ್ಟುಗಳು. ಅವು ಒಂದು ದಿನದಲ್ಲಿ ಮುರಿಯುವುದಿಲ್ಲ. ತಂತಿಯನ್ನು ಹಿಂದೆ ಮುಂದೆ ಬಾಗಿಸಿದಾಗ ಕಡೆಗೊಮ್ಮೆ ತುಂಡಾಗುವಂತೆ, ತಿಂಗಳುಗಳ ಅನಂತರ ಒಂದು ಬೆಳಗ್ಗೆ ಮುರಿದು, ರಾಡು ಎಂಜಿನ್ನಿನ ಗೋಡೆಯನ್ನೇ ಒಡೆದು ಹೊರಬರುತ್ತದೆ. ವೇಗ ಏರಿಸಿದ ದಿನಕ್ಕೂ ಯಂತ್ರ ಒಡೆದ ದಿನಕ್ಕೂ ನಡುವೆ ಇಷ್ಟು ದೂರವಿರುವುದರಿಂದಲೇ ಕಾರಣವನ್ನು ಯಾರೂ ಜೋಡಿಸಿ ನೋಡುವುದಿಲ್ಲ. ಕಬ್ಬಿಣ ಸರಿಯಿಲ್ಲವೆಂದು ಮಾರಿದವನನ್ನು ಬೈದು ಸುಮ್ಮನಾಗುತ್ತಾರೆ.

ದೊಡ್ಡ ಗಾಲಿಯ ಯಂತ್ರಗಳಲ್ಲಿ ಇನ್ನೊಂದು ಅಪಾಯವಿದೆ. ಎರಕದ ಕಬ್ಬಿಣವು ಒತ್ತಡವನ್ನು ತಾಳಿಕೊಂಡಷ್ಟು ಎಳೆತವನ್ನು ತಾಳದು. ತಿರುಗುವ ಗಾಲಿಯ ಅಂಚು ಸದಾ ಹೊರಕ್ಕೆ ಎಳೆಯಲ್ಪಡುತ್ತಿರುತ್ತದೆ. ಅಂಚಿನ ವೇಗ ನಿಮಿಷಕ್ಕೆ ಒಂದು ಮೈಲಿಯನ್ನು ದಾಟಬಾರದು ಎಂಬುದು ಎರಕದ ಗಾಲಿಗಳಿಗೆ ಹಳೆಯ ಯಂತ್ರಜ್ಞರು ಇಟ್ಟುಕೊಂಡಿದ್ದ ವಾಡಿಕೆಯ ಲೆಕ್ಕ. ಎರಡು ಅಡಿ ವ್ಯಾಸದ ಗಾಲಿ 650 ಸುತ್ತಿನಲ್ಲಿ ನಿಮಿಷಕ್ಕೆ ಸುಮಾರು 4,080 ಅಡಿ ಕ್ರಮಿಸುತ್ತದೆ. ಮೈಲಿಗೆ 5,280 ಅಡಿ. ಮಿತಿ ಮುಟ್ಟಲು 840 ಸುತ್ತು ಸಾಕು. ಆ ಹೊತ್ತಿಗೆ ಅಂಚಿನ ಎಳೆತ ಮೊದಲಿನ ಒಂದೂಮುಕ್ಕಾಲು ಪಾಲಿಗೆ ಹತ್ತಿರವಾಗಿರುತ್ತದೆ. ಎರಕದಲ್ಲಿ ಕಣ್ಣಿಗೆ ಕಾಣದ ಬಿರುಕೊಂದಿದ್ದರೆ ಗಾಲಿ ಸೀಳಿ, ಚೂರುಗಳು ಫಿರಂಗಿಯ ಗುಂಡಿನಂತೆ ಹಾರುತ್ತವೆ. ಗಾಲಿಯ ನೇರಕ್ಕೆ ನಿಲ್ಲಬಾರದು, ಮಕ್ಕಳನ್ನು ಕುಳ್ಳಿರಿಸಬಾರದು ಎಂಬ ಹಿರಿಯರ ಕಟ್ಟಳೆಗೆ ಇದೇ ಆಧಾರ.

ಹಾಗಾದರೆ ನಿಧಾನವೇ ಕ್ಷೇಮವಲ್ಲವೆ? ಅಲ್ಲ. ತೀರ ನಿಧಾನವಾಗಿ, ಹೊರೆಯಿಲ್ಲದೆ ಓಡುವ ಎಂಜಿನ್ನು ತಣ್ಣಗಿರುತ್ತದೆ. ತಣ್ಣಗಿನ ಸಿಲಿಂಡರಿನಲ್ಲಿ ತೈಲ ಪೂರ್ತಿ ಉರಿಯುವುದಿಲ್ಲ. ಉರಿಯದ ಪಾಲು ಗೋಡೆಯ ಮೇಲೆ ಅಂಟಾಗಿ ಹರಡುತ್ತದೆ, ಪಿಸ್ಟನ್ ರಿಂಗುಗಳನ್ನು ಹಿಡಿದು ನಿಲ್ಲಿಸುತ್ತದೆ, ಕೆಳಗಿಳಿದು ಕೀಲೆಣ್ಣೆಯನ್ನು ತೆಳುವಾಗಿಸುತ್ತದೆ. ಹೊಗೆಕೊಳವೆಯಿಂದ ಕಪ್ಪು ಜಿಡ್ಡು ತೊಟ್ಟಿಕ್ಕುವುದು ಇದರ ಲಕ್ಷಣ. ಕೀಲೆಣ್ಣೆಯನ್ನು ಚಿಮ್ಮಿಸಿಯೇ ಕೀಲುಗಳಿಗೆ ಮುಟ್ಟಿಸುವ ಹಳೆಯ ಯಂತ್ರಗಳಲ್ಲಿ ವೇಗ ತೀರ ಇಳಿದರೆ ಎಣ್ಣೆ ಮೇಲಿನವರೆಗೆ ಚಿಮ್ಮುವುದೂ ಇಲ್ಲ. ಇದಕ್ಕಿಂತ ಕೆಟ್ಟದ್ದೆಂದರೆ ನಿಧಾನದ ಮೇಲೆ ಭಾರಿ ಹೊರೆ. ಆಗ ಪ್ರತಿ ಉರಿಗೂ ಹೆಚ್ಚು ತೈಲ ಬೀಳುತ್ತದೆ, ಗಾಳಿ ಸಾಲದೆ ಕರಿಹೊಗೆ ಏಳುತ್ತದೆ, ಬಡಿತವು ಬೇರಿಂಗುಗಳ ಮೇಲೆ ಗುದ್ದಿದಂತಾಗುತ್ತದೆ. ಏರಿನಲ್ಲಿ ಗೇರು ಬದಲಿಸದೆ ಮುಲುಗಿಸುತ್ತ ಹತ್ತುವ ಲಾರಿಯನ್ನು ನೆನೆದರೆ ಸಾಕು.

ಬಾವಿಯ ಕಟ್ಟೆಯ ಕೆಲವರು ಒಪ್ಪಿಕೊಳ್ಳಲು ಹಿಂಜರಿಯುವ ಮಾತೊಂದಿದೆ. ಎಂಜಿನ್ನಿಗೆ ತಕ್ಕ ವೇಗವನ್ನು ಎಂಜಿನ್ನೊಂದೇ ನಿರ್ಧರಿಸುವುದಿಲ್ಲ. ಅದು ತಿರುಗಿಸುವ ವಸ್ತುವೂ ನಿರ್ಧರಿಸುತ್ತದೆ. ಸಮುದ್ರದ ಮೇಲಿನ ಸಣ್ಣ ಹಾಯಿದೋಣಿಯ ಉದಾಹರಣೆ ಇಲ್ಲಿ ಉಪಕಾರಿ. ಗಾಳಿ ಬಿದ್ದಾಗ ಹಾಯಿದೋಣಿಯವರು ಪುಟ್ಟ ಡೀಸೆಲ್ ಎಂಜಿನ್ನಿನಿಂದ ಪ್ರೊಪೆಲ್ಲರ್ ತಿರುಗಿಸಿ ಸಾಗುತ್ತಾರೆ. ಪ್ರೊಪೆಲ್ಲರು ಬೇಡುವ ಶಕ್ತಿ ವೇಗದ ಘನಕ್ಕೆ ಅನುಗುಣ. ಸುತ್ತನ್ನು ನೂರಕ್ಕೆ ಎಂಬತ್ತಕ್ಕೆ ಇಳಿಸಿದರೆ ಬೇಕಾಗುವ ಶಕ್ತಿ ಅರ್ಧಕ್ಕೆ ಇಳಿಯುತ್ತದೆ. ದೋಣಿಗೆ ತನ್ನ ಉದ್ದಕ್ಕೆ ತಕ್ಕ ವೇಗದ ಎಲ್ಲೆಯೂ ಉಂಟು: ನೀರಿನ ಮಟ್ಟದಲ್ಲಿ 9 ಮೀಟರು ಉದ್ದವಿರುವ ದೋಣಿ ಗಂಟೆಗೆ ಹದಿಮೂರೂವರೆ ಕಿಲೋಮೀಟರಿನ ಸುಮಾರಿಗೆ ತನ್ನದೇ ಅಲೆಯ ತಗ್ಗಿನಲ್ಲಿ ಸಿಕ್ಕಿಕೊಳ್ಳುತ್ತದೆ, ಅನಂತರ ಎಷ್ಟು ತೈಲ ಸುಟ್ಟರೂ ವೇಗ ಅಷ್ಟಾಗಿ ಏರದು. ಆದುದರಿಂದ ಅನುಭವಿಗಳಾದ ನಾವಿಕರು ಗರಿಷ್ಠ ವೇಗದ ಮುಕ್ಕಾಲು ಅಥವಾ ನೂರಕ್ಕೆ ಎಂಬತ್ತರ ಬಳಿ ಎಂಜಿನ್ನನ್ನು ನಿಲ್ಲಿಸಿಕೊಂಡು ಗಂಟೆಗಟ್ಟಲೆ ಸಾಗುತ್ತಾರೆ. ಎಂಜಿನ್ ಬಿಸಿಯಾಗಿಯೂ ಇರುತ್ತದೆ, ದಣಿಯುವುದೂ ಇಲ್ಲ.

ಬಾವಿಯ ಪಂಪು ಪ್ರೊಪೆಲ್ಲರಿನ ಸೋದರ ಸಂಬಂಧಿ. ಅದರೊಳಗೂ ಒಂದು ಚಕ್ರ ತಿರುಗಿ ನೀರನ್ನು ಎಸೆಯುತ್ತದೆ. ನೀರಿನ ಪ್ರಮಾಣ ವೇಗಕ್ಕೆ ಅನುಗುಣ, ನೀರನ್ನು ಎತ್ತಬಲ್ಲ ಎತ್ತರ ವೇಗದ ವರ್ಗಕ್ಕೆ ಅನುಗುಣ, ತಿನ್ನುವ ಶಕ್ತಿ ವೇಗದ ಘನಕ್ಕೆ ಅನುಗುಣ. ವೇಗವನ್ನು ನೂರಕ್ಕೆ ಹತ್ತರಷ್ಟು ಏರಿಸಿದರೆ ಶಕ್ತಿಯ ಬೇಡಿಕೆ ಮೂವತ್ತಮೂರರಷ್ಟು ಏರುವುದು. ಐದು ಅಶ್ವಶಕ್ತಿಯ ಎಂಜಿನ್ನಿಗೆ ಆರೂವರೆಗೂ ಮೀರಿದ ಹೊರೆ! ನೀರು ತುಸು ಹೆಚ್ಚು ಬಂದಿತೆಂದು ಸಂತೋಷಪಡುವವನು ತೈಲದ ಪೀಪಾಯಿಯನ್ನು ನೋಡಿರುವುದಿಲ್ಲ.

ಆದರೆ ದೋಣಿಗೂ ಬಾವಿಗೂ ಒಂದು ಮುಖ್ಯ ವ್ಯತ್ಯಾಸವಿದೆ. ದೋಣಿಯು ನಿಧಾನ ಮಾಡಿದರೆ ನಿಧಾನವಾಗಿ ಸಾಗುತ್ತದೆ. ಪಂಪು ನಿಧಾನವಾದರೆ ಒಂದು ಹಂತದಲ್ಲಿ ನೀರೇ ಬರುವುದಿಲ್ಲ. ನೀರಿನ ಮಟ್ಟದಿಂದ ತೊಟ್ಟಿಯವರೆಗಿನ ಎತ್ತರವು ಯಂತ್ರದ ವೇಗಕ್ಕಾಗಿ ಕಾಯದು. 1500 ಸುತ್ತಿನಲ್ಲಿ 30 ಮೀಟರು ಎತ್ತರದವರೆಗೆ ನೀರನ್ನು ಒತ್ತಬಲ್ಲ ಪಂಪೊಂದನ್ನು ಎಣಿಸಿಕೊಳ್ಳಬಹುದು. ಅದೇ ಪಂಪು 1300 ಸುತ್ತಿನಲ್ಲಿ 22.5 ಮೀಟರಿಗೆ ಮಾತ್ರ ಶಕ್ತ. 1200 ಸುತ್ತಿನಲ್ಲಿ 19.2 ಮೀಟರಿಗೆ. ಎತ್ತಬೇಕಾದ ಎತ್ತರ 20 ಮೀಟರಿದ್ದರೆ 1225 ಸುತ್ತಿನ ಕೆಳಗೆ ತೊಟ್ಟಿಗೆ ಹನಿಯೂ ಬೀಳದು. ಎಂಜಿನ್ನು ಓಡುತ್ತಿರುತ್ತದೆ, ತೈಲ ಉರಿಯುತ್ತಿರುತ್ತದೆ; ಪಂಪಿನೊಳಗಿನ ನೀರು ಮಾತ್ರ ಕಡೆದ ಮಜ್ಜಿಗೆಯಂತೆ ಸುತ್ತಿ ಸುತ್ತಿ ಕಾಯುತ್ತದೆ, ದಾರದ ಪ್ಯಾಕಿಂಗು ಸುಡುತ್ತದೆ. ತೈಲ ಉಳಿಸಲು ವೇಗ ಇಳಿಸಿದವನಿಗೆ ತೈಲವೂ ಉಳಿಯಲಿಲ್ಲ, ನೀರೂ ಬರಲಿಲ್ಲ.

ಬೇಸಗೆ ಬಂದಾಗ ಈ ಲೆಕ್ಕ ಇನ್ನಷ್ಟು ಬಿಗಿಯಾಗುತ್ತದೆ. ಮಾರ್ಗಶಿರದಲ್ಲಿ 20 ಮೀಟರಿದ್ದ ಎತ್ತರ ಚೈತ್ರದಲ್ಲಿ 24 ಮೀಟರಾದರೆ ನೀರು ಕಾಣಿಸಿಕೊಳ್ಳುವ ವೇಗವೇ 1340 ಸುತ್ತಿಗೆ ಏರುತ್ತದೆ. ಸಾಕಷ್ಟು ನೀರು ಬೇಕಾದರೆ ಇನ್ನೂ ಮೇಲೆ. ಬೆಳೆ ಬಾಡುತ್ತಿರುವ ಇಂಥ ಹೊತ್ತಿನಲ್ಲಿಯೇ ಗವರ್ನರಿನ ಸ್ಕ್ರೂವಿನ ಮೇಲೆ ಕೈ ಹೋಗುವುದು. ಆ ಕೈಯನ್ನು ತಡೆದು ಬೇರೆ ಕಡೆ ನೋಡುವುದು ಒಳ್ಳೆಯದು. ಕಿರಿದಾದ ಪೈಪಿಗೆ ಬದಲಾಗಿ ಒಂದು ಅಳತೆ ದೊಡ್ಡ ಪೈಪು ಹಾಕುವುದು, ಬೇಡದ ಮೊಣಕೈ ತಿರುವುಗಳನ್ನು ತೆಗೆಯುವುದು, ಫುಟ್‌ವಾಲ್ವಿಗೆ ಸಿಕ್ಕಿಕೊಂಡ ಕಸವನ್ನು ಬಿಡಿಸುವುದು - ಇವುಗಳಿಂದ ಘರ್ಷಣೆಯಲ್ಲಿ ಕಳೆದುಹೋಗುತ್ತಿದ್ದ ಎತ್ತರ ಮರಳಿ ಸಿಗುತ್ತದೆ, ಎಂಜಿನ್ನಿನ ವೇಗ ನಾಮಫಲಕದಲ್ಲಿದ್ದಂತೆಯೇ ಉಳಿಯುತ್ತದೆ.

ಬೆಂಗಳೂರಿನ ಸುತ್ತಣ ಈ ಪ್ರಸ್ಥಭೂಮಿಗೆ ವಿಶೇಷವಾದ ಇನ್ನೊಂದು ಸಂಗತಿಯುಂಟು. ದೊಡ್ಡಬಳ್ಳಾಪುರ, ದೇವನಹಳ್ಳಿಗಳು ಸಮುದ್ರಮಟ್ಟದಿಂದ ಸುಮಾರು 900 ಮೀಟರು ಮೇಲಿವೆ. ಇಲ್ಲಿ ವಾಯುವಿನ ಒತ್ತಡ ಕರಾವಳಿಗಿಂತ ನೂರಕ್ಕೆ ಹತ್ತರಷ್ಟು ಕಡಿಮೆ. ಇದರ ಪರಿಣಾಮ ಎರಡು ಬಗೆ. ಎಂಜಿನ್ನು ಪ್ರತಿ ಸಲ ಸೆಳೆಯುವ ಗಾಳಿಯಲ್ಲಿ ತೂಕ ಕಡಿಮೆಯಾದುದರಿಂದ ಉರಿಸಬಲ್ಲ ತೈಲವೂ ಕಡಿಮೆ; ಸಮುದ್ರಮಟ್ಟಕ್ಕೆ ಸಮೀಪದ ಒತ್ತಡದಲ್ಲಿ ಅಳೆದ ಐದು ಅಶ್ವಶಕ್ತಿ ಇಲ್ಲಿ ಸರಿಸುಮಾರು ನಾಲ್ಕೂವರೆಯಷ್ಟೇ. ಮಂಗಳೂರಿನಲ್ಲಿ ಹೊಗೆಯಿಲ್ಲದೆ ಹೊತ್ತ ಹೊರೆಗೆ ಅದೇ ಎಂಜಿನ್ನು ದೇವನಹಳ್ಳಿಯಲ್ಲಿ ಕರಿಹೊಗೆ ಉಗುಳಬಹುದು. ಎರಡನೆಯದಾಗಿ, ಪಂಪು ನೀರನ್ನು ಕೆಳಗಿನಿಂದ ಹೀರುವುದು ವಾಯುವಿನ ಒತ್ತಡದ ಬಲದಿಂದಲೇ. ಕಡಲ ತೀರದಲ್ಲಿ ಶಾಸ್ತ್ರದ ಪ್ರಕಾರ 10.3 ಮೀಟರು ಹೀರಬಹುದಾದರೆ ಇಲ್ಲಿ 9.3; ಬಳಕೆಯಲ್ಲಿ 6 ಮೀಟರಿನ ಒಳಗಿರುವುದು ಲೇಸು. ವೇಗ ಏರಿಸಿದರೆ ಹೀರುವ ಆಳ ಏರುವುದಿಲ್ಲ. ಹೀರುಕೊಳವೆಯಲ್ಲಿ ನೀರು ಒಡೆದು ಗುಳ್ಳೆಯಾಗಿ, ಪಂಪಿನ ಚಕ್ರದ ಮೇಲೆ ಸಿಡಿದು, ಲೋಹವನ್ನು ಗೆದ್ದಲು ತಿಂದಂತೆ ಮಾಡುತ್ತದೆ. ಪಂಪಿನೊಳಗೆ ಜಲ್ಲಿಕಲ್ಲು ಉರುಳಿದ ಸದ್ದು ಕೇಳಿದರೆ ಅದೇ ಈ ಕೇಡಿನ ಸೂಚನೆ.

ಈ ಕಾರಣದಿಂದಲೇ ಆಳದ ತೆರೆದ ಬಾವಿಗಳಲ್ಲಿ ಯಂತ್ರವನ್ನೇ ಒಳಗಿನ ಕಟ್ಟೆಗೆ ಇಳಿಸಿ ಕೂರಿಸುವ ರೂಢಿ ಬಂದಿತು. ಹಾಗೆ ಇಳಿಸಿದಲ್ಲಿ ಹೊಗೆಕೊಳವೆಯನ್ನು ಬಾವಿಯ ದಂಡೆಯ ಮೇಲಿನವರೆಗೂ ಎತ್ತದೆ ಎಂಜಿನ್ ಹಚ್ಚುವುದು ಪ್ರಾಣಾಪಾಯ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ತೈಲ ಅರೆಬೆಂದು ಕರಿಹೊಗೆ ಎದ್ದಷ್ಟೂ ಅದು ಹೆಚ್ಚು.

ಇಷ್ಟೆಲ್ಲ ಲೆಕ್ಕಕ್ಕೂ ಮೊದಲು ಎಂಜಿನ್ ಈಗ ಎಷ್ಟು ಸುತ್ತು ತಿರುಗುತ್ತಿದೆ ಎಂಬುದು ತಿಳಿಯಬೇಕಷ್ಟೆ. ಸುತ್ತಳೆಯುವ ಟ್ಯಾಕೋಮೀಟರ್ ಎಲ್ಲರ ಬಳಿ ಇರುವುದಿಲ್ಲ. ಕಿವಿಯಿಂದಲೇ ಹೇಳಬಲ್ಲ ಮೇಸ್ತ್ರಿಗಳಿದ್ದಾರೆ. ಆದರೆ ಕಿವಿಯೂ ವಯಸ್ಸಾಗುತ್ತದೆ. ಬೆಲ್ಟಿನಿಂದ ಓಡುವ ಪಂಪಿಗೆ ಶಾಲೆಯ ಹುಡುಗನೂ ಮಾಡಬಹುದಾದ ಉಪಾಯವಿದೆ. ಬೆಲ್ಟಿನ ಬೆಸುಗೆಯ ಜಾಗಕ್ಕೆ ಯಂತ್ರ ನಿಂತಿರುವಾಗ ಸುಣ್ಣದ ಗುರುತು ಹಚ್ಚಬೇಕು. ಯಂತ್ರ ಓಡುವಾಗ, ಬೆಲ್ಟಿನಿಂದ ದೂರ ನಿಂತು, ಆ ಗುರುತು ನಿಮಿಷದಲ್ಲಿ ಎಷ್ಟು ಸಲ ಹಾಯುತ್ತದೆಂದು ಎಣಿಸಬೇಕು. ಆ ಎಣಿಕೆಯನ್ನು ಬೆಲ್ಟಿನ ಉದ್ದದಿಂದ ಗುಣಿಸಿ, ಎಂಜಿನ್ನಿನ ಪುಲ್ಲಿಯ ಸುತ್ತಳತೆಯಿಂದ ಭಾಗಿಸಿದರೆ ನಿಮಿಷದ ಸುತ್ತು ದೊರೆಯುತ್ತದೆ. ಬೆಲ್ಟು 6 ಮೀಟರು, ಪುಲ್ಲಿಯ ವ್ಯಾಸ 30 ಸೆಂಟಿಮೀಟರು, ಎಂದರೆ ಸುತ್ತಳತೆ 94 ಸೆಂಟಿಮೀಟರು; ಗುರುತು 102 ಸಲ ಹಾದರೆ ವೇಗ 650 ಸುತ್ತು. 110 ಸಲ ಹಾದರೆ 700. ಆ ಐವತ್ತು ಸುತ್ತು ಹೆಚ್ಚಾಯಿತು. ಬೆಲ್ಟು ತುಸು ಜಾರುವುದರಿಂದ ನೂರಕ್ಕೆ ಎರಡು ಮೂರರ ತಪ್ಪು ಬರಬಹುದು. ಹೊಲದ ಕೆಲಸಕ್ಕೆ ಅದು ಅಡ್ಡಿಯಲ್ಲ.

ಅದೇ ಸೂತ್ರದಿಂದ ಪುಲ್ಲಿಗಳ ಜೋಡಿಯನ್ನೂ ಆರಿಸಬೇಕು. 650 ಸುತ್ತಿನ ಎಂಜಿನ್ನಿನ 30 ಸೆಂಟಿಮೀಟರು ಪುಲ್ಲಿಯು ಪಂಪನ್ನು 1500 ಸುತ್ತು ತಿರುಗಿಸಬೇಕಾದರೆ ಪಂಪಿನ ಪುಲ್ಲಿ 13 ಸೆಂಟಿಮೀಟರು ಇರಬೇಕು. ಸಂತೆಯಲ್ಲಿ ಸಿಕ್ಕಿತೆಂದು 11 ಸೆಂಟಿಮೀಟರಿನದನ್ನು ತಂದು ಹಾಕಿದರೆ ಪಂಪು 1770 ಸುತ್ತು ತಿರುಗಲು ಹವಣಿಸುತ್ತದೆ. ಎಂಜಿನ್ನಿನ ಮೇಲಿನ ಹೊರೆ ಒಂದೂವರೆ ಪಾಲನ್ನೂ ಮೀರುತ್ತದೆ. ಎಂಜಿನ್ ಉಸಿರು ಕಟ್ಟಿ ಹೊಗೆಯಾಡಿದಾಗ ದೋಷವನ್ನು ತೈಲದಲ್ಲಿಯೋ ನಾಜಲಿನಲ್ಲಿಯೋ ಹುಡುಕಿ ಹಣ ಕಳೆಯುವುದುಂಟು. ದೋಷವಿರುವುದು ಎರಡು ಸೆಂಟಿಮೀಟರಿನಲ್ಲಿ.

ಗವರ್ನರ್ ಎಂಬುದು ವೇಗದ ಕಾವಲುಗಾರ. ತಿರುಗುವ ಎರಡು ತೂಕಗಳು ವೇಗ ಹೆಚ್ಚಿದಂತೆ ಹೊರಕ್ಕೆ ಹರಡಿ, ಸ್ಪ್ರಿಂಗನ್ನು ಎದುರಿಸಿ, ತೈಲವನ್ನು ಕಡಿಮೆ ಮಾಡುತ್ತವೆ. ವೇಗ ಇಳಿದರೆ ಸ್ಪ್ರಿಂಗು ಗೆದ್ದು ತೈಲ ಹೆಚ್ಚುತ್ತದೆ. ಸ್ಪ್ರಿಂಗನ್ನು ಬಿಗಿ ಮಾಡಿದರೆ ಕಾವಲುಗಾರನು ಎಚ್ಚರಗೊಳ್ಳುವ ವೇಗ ಮೇಲೇರುತ್ತದೆ. ಹೊರೆಯಿಲ್ಲದಾಗ ತುಸು ಹೆಚ್ಚು, ಹೊರೆ ಬಿದ್ದಾಗ ತುಸು ಕಡಿಮೆ ಎಂಬ ಅಲ್ಪ ವ್ಯತ್ಯಾಸ ಸಹಜವಾದುದು. ಆದುದರಿಂದ ವೇಗವನ್ನು ಹೊರೆಯಿಟ್ಟೇ ಅಳೆಯಬೇಕು. ಹೊರೆ ಬದಲಾಗದಿದ್ದರೂ ವೇಗ ಏರಿಳಿಯುತ್ತ ಎಂಜಿನ್ ಏದುಸಿರು ಬಿಟ್ಟಂತೆ ಸದ್ದು ಮಾಡಿದರೆ ಗವರ್ನರಿನ ಸಲಾಕೆಗಳಲ್ಲಿ ಜಿಡ್ಡು ಹಿಡಿದಿದೆಯೆಂದು ಅರ್ಥ. ಗವರ್ನರಿನ ಶಕ್ತಿಗೂ ಎಲ್ಲೆಯಿದೆ. ಗಾಳಿ ಸೋಸುವ ಬಟ್ಟಲಿಗೆ ಗುರುತು ಮೀರಿ ಎಣ್ಣೆ ತುಂಬಿದರೆ ಎಂಜಿನ್ ಆ ಎಣ್ಣೆಯನ್ನೇ ಹೀರಿ ಉರಿಸತೊಡಗಬಹುದು; ಆಗ ಡೀಸೆಲ್ ನಿಲ್ಲಿಸಿದರೂ ಅದು ನಿಲ್ಲದು, ವೇಗ ಏರುತ್ತಲೇ ಹೋಗುತ್ತದೆ. ಗಾಳಿಯ ದಾರಿಯನ್ನು ಹಲಗೆಯಿಂದ ಮುಚ್ಚುವುದೇ ಉಪಾಯ. ಬರಿಗೈ ಒಡ್ಡಬಾರದು, ಸಡಿಲ ಬಟ್ಟೆ ತುರುಕಬಾರದು.

ಪವರ್ ಟಿಲ್ಲರಿನಲ್ಲಿಯೂ ಈ ಎಲ್ಲೆ ಕಾಣುತ್ತದೆ. 1967ರಲ್ಲಿ ಸ್ಥಾಪಿತವಾಗಿ ಜಪಾನಿನ ಮಿತ್ಸುಬಿಷಿಯ ಸಹಕಾರದಿಂದ ಬೆಂಗಳೂರಿನ ಮಹದೇವಪುರದಲ್ಲಿ ಟಿಲ್ಲರುಗಳನ್ನು ತಯಾರಿಸಿದ ವಿ.ಎಸ್.ಟಿ. ಕಂಪನಿಯಿಂದಾಗಿ ಹೊಸಕೋಟೆಯ ಸೀಮೆಗೆ ಈ ಯಂತ್ರ ನೆರೆಮನೆಯದು. ಟ್ರೈಲರು ಕಟ್ಟಿಕೊಂಡು ಕೆರೆಯೇರಿಯಿಂದ ಇಳಿಯುವಾಗ ಎಂಜಿನ್ನು ಚಕ್ರವನ್ನು ತಿರುಗಿಸುವುದಿಲ್ಲ, ಚಕ್ರವೇ ಎಂಜಿನ್ನನ್ನು ತಿರುಗಿಸುತ್ತದೆ. ಗವರ್ನರು ತೈಲವನ್ನು ಪೂರ್ತಿ ಮುಚ್ಚಿದರೂ ವೇಗ ಏರಬಲ್ಲದು. ಇಳಿಜಾರಿಗೆ ಮೊದಲೇ ವೇಗ ತಗ್ಗಿಸಿ, ಕೆಳಗಿನ ಗೇರಿಗೆ ಹಾಕಿ, ಬ್ರೇಕಿನ ನೆರವಿನಿಂದ ಇಳಿಯಬೇಕು. ತೈಲ ಉಳಿಸಲೆಂದು ಗೇರು ತಪ್ಪಿಸಿ ಬಿಡುವ ಚಾಳಿ ಎಂಜಿನ್ನನ್ನು ಉಳಿಸೀತು, ಸವಾರನನ್ನಲ್ಲ.

ದೊಡ್ಡಬಳ್ಳಾಪುರದ ವಿದ್ಯುತ್ ಮಗ್ಗಗಳಿಗೆ ಕರೆಂಟು ಹೋದಾಗ ಆಸರೆಯಾಗುವ ಜನರೇಟರಿನ ವಿಷಯದಲ್ಲಿ ವೇಗವನ್ನು ಆರಿಸುವ ಸ್ವಾತಂತ್ರ್ಯವೇ ಇಲ್ಲ. ನಾಲ್ಕು ಧ್ರುವದ ಜನರೇಟರು ಸೆಕೆಂಡಿಗೆ 50 ಆವರ್ತದ ವಿದ್ಯುತ್ತು ಕೊಡಬೇಕಾದರೆ 1500 ಸುತ್ತೇ ತಿರುಗಬೇಕು. 1350ಕ್ಕೆ ಇಳಿದರೆ ಆವರ್ತ 45. ಮಗ್ಗದ ಮೋಟಾರು ನಿಧಾನವಾಗಿ, ಹೆಚ್ಚು ಕರೆಂಟು ಎಳೆದು ಕಾಯುತ್ತದೆ. ಇಲ್ಲಿ ಜಾಣತನವೆಲ್ಲ ಹೊರೆಯನ್ನು ಹಂಚುವುದರಲ್ಲಿದೆ: ಎಲ್ಲ ಮಗ್ಗಗಳನ್ನೂ ಒಮ್ಮೆಗೇ ಚಾಲೂ ಮಾಡದೆ ಒಂದೊಂದಾಗಿ ಮಾಡುವುದು, ಒಂದೇ ಒಂದು ದೀಪಕ್ಕಾಗಿ ದೊಡ್ಡ ಎಂಜಿನ್ನನ್ನು ಇಡೀ ರಾತ್ರಿ ಓಡಿಸದಿರುವುದು.

2014-15ರಲ್ಲಿ ಮೊದಲಾದ ಕೃಷಿಭಾಗ್ಯ ಯೋಜನೆಯಿಂದ ಹೊಲದ ಹೊಂಡಗಳೂ ಅವುಗಳ ಜೊತೆಗೆ ಡೀಸೆಲ್ ಪಂಪುಗಳೂ ಬಂದುವು. ಹೊಂಡದಿಂದ ಎತ್ತಬೇಕಾದ ಎತ್ತರ ಮೂರು ನಾಲ್ಕು ಮೀಟರು ಮಾತ್ರ. ಕಾಲುವೆಗೆ ನೀರು ಹಾಯಿಸುವುದಾದರೆ ಇಲ್ಲಿ ಪಂಪು ಹೆಚ್ಚು ಕಡಿಮೆ ದೋಣಿಯ ಪ್ರೊಪೆಲ್ಲರಿನಂತೆ ವರ್ತಿಸುತ್ತದೆ. ವೇಗವನ್ನು ನೂರಕ್ಕೆ ಎಂಬತ್ತಕ್ಕೆ ಇಳಿಸಿದರೂ ನೀರು ಬರುತ್ತದೆ, ತೈಲ ಗಮನಾರ್ಹವಾಗಿ ಉಳಿಯುತ್ತದೆ. ತುಂತುರು ಸಾಧನ ಜೋಡಿಸಿದರೆ ಕಥೆ ಬೇರೆ. ಅದರ ಮೂತಿಗಳಿಗೆ 20ರಿಂದ 30 ಮೀಟರು ಎತ್ತರಕ್ಕೆ ಸಮನಾದ ಒತ್ತಡ ಬೇಕು; ಆಳದ ಬಾವಿಯ ಲೆಕ್ಕವೇ ಮರಳಿ ಬರುತ್ತದೆ. ಒಂದೇ ಎಂಜಿನ್ನು, ಒಂದೇ ಹೊಂಡ. ಕೆಲಸಕ್ಕೆ ತಕ್ಕಂತೆ ವೇಗ ಎರಡು.

ಆಯ್ಕೆಯು ಸರಿಯಾಯಿತೇ ಎಂಬುದನ್ನು ಯಂತ್ರವೇ ಹೇಳುತ್ತದೆ. ಅರ್ಧ ಗಂಟೆ ಓಡಿದ ಮೇಲೆ ಹೊಗೆ ಕಣ್ಣಿಗೆ ಕಾಣದಷ್ಟು ತಿಳಿಯಾಗಿರಬೇಕು. ಕಪ್ಪಾಗಿದ್ದರೆ ಹೊರೆ ಹೆಚ್ಚು ಅಥವಾ ಗಾಳಿ ಕಡಿಮೆ. ಬಿಳುಪಾಗಿದ್ದರೆ ಎಂಜಿನ್ ತಣ್ಣಗಿದೆ. ನೀಲಿಯಾಗಿದ್ದರೆ ಕೀಲೆಣ್ಣೆ ಉರಿಯುತ್ತಿದೆ. ಪಂಪಿನ ನೀರನ್ನೇ ಹಾಯಿಸಿ ತಂಪು ಮಾಡುವ ಎಂಜಿನ್ನುಗಳಲ್ಲಿ ಹೊರಬರುವ ನೀರು 60 ಡಿಗ್ರಿಯ ಆಸುಪಾಸಿನಲ್ಲಿರಬೇಕು, ಎಂದರೆ ಕೈಯಿಟ್ಟು ನಿಲ್ಲಲಾಗದಷ್ಟು ಬಿಸಿ. ತಣ್ಣೀರು ಧಾರಾಳವಾಗಿ ಹರಿದರೆ ಎಂಜಿನ್ನಿಗೆ ಒಳ್ಳೆಯದೆಂದು ನಲ್ಲಿಯನ್ನು ಪೂರ್ತಿ ತೆರೆದಿಡುವವರಿದ್ದಾರೆ. ತಣ್ಣಗಿನ ಸಿಲಿಂಡರಿನಲ್ಲಿ ತೈಲದ ಗಂಧಕವು ಆಮ್ಲವಾಗಿ ಇಬ್ಬನಿಗಟ್ಟಿ ಗೋಡೆಯನ್ನು ತಿನ್ನುವುದು ಅವರಿಗೆ ಕಾಣದು. ಸುಸ್ಥಿತಿಯಲ್ಲಿರುವ ಸಣ್ಣ ಎಂಜಿನ್ ಪೂರ್ಣ ಹೊರೆಯಲ್ಲಿ ಕಿಲೋವ್ಯಾಟ್ ಗಂಟೆಗೆ ಸುಮಾರು 250 ಗ್ರಾಂ ತೈಲ ಬಳಸುತ್ತದೆ. ಐದು ಅಶ್ವಶಕ್ತಿಗೆ ಇದು ಗಂಟೆಗೆ 1.1 ಲೀಟರಿನಷ್ಟು. ಅದಕ್ಕಿಂತ ಬಹಳ ಹೆಚ್ಚು ಸುಡುತ್ತಿದ್ದರೆ ವೇಗವನ್ನೋ ಹೊರೆಯನ್ನೋ ಮತ್ತೆ ಪರೀಕ್ಷಿಸಬೇಕು. ಆಯ್ಕೆಯ ಸೂತ್ರವಿಷ್ಟು: ಫಲಕದ ಅಂಕಿಯನ್ನು ಮೀರಬಾರದು; ಈ ಎತ್ತರದ ನಾಡಿಗೆ ನೂರಕ್ಕೆ ಹತ್ತರಷ್ಟು ಶಕ್ತಿಯನ್ನು ಮೊದಲೇ ಕಳೆದು, ಉಳಿದುದರ ಮುಕ್ಕಾಲಿನಿಂದ ನೂರಕ್ಕೆ ಎಂಬತ್ತೈದರವರೆಗೆ ಹೊರೆ ಬೀಳುವಂತೆ ಪಂಪನ್ನೂ ಪುಲ್ಲಿಯನ್ನೂ ಆರಿಸಬೇಕು; ಆ ಹೊರೆಯಲ್ಲಿ ನೀರು ನಿರಾಯಾಸವಾಗಿ ಬೀಳುವ ಅತಿ ಕಡಿಮೆ ವೇಗವೇ ಆ ಬಾವಿಗೆ ಹಿತವಾದ ವೇಗ.

ಅದು ಗೊತ್ತಾದ ದಿನ ಗವರ್ನರಿನ ನಟ್ಟಿನ ಮೇಲೂ ಅದರ ಪಕ್ಕದ ಲೋಹದ ಮೇಲೂ ಒಂದೇ ಗೆರೆಯಾಗಿ ಬಣ್ಣ ಎಳೆದು, ಬೆಲ್ಟಿನ ಗುರುತು ನಿಮಿಷಕ್ಕೆ ಹಾಯ್ದ ಎಣಿಕೆಯನ್ನು ಪಂಪುಮನೆಯ ಗೋಡೆಯ ಮೇಲೆ ದಿನಾಂಕದೊಡನೆ ಬರೆದಿಡಬೇಕು. ಬೇರೆಯವರ ಕೈ ನಟ್ಟಿಗೆ ತಗುಲಿದರೆ ಗೆರೆ ಮುರಿದು ತೋರುತ್ತದೆ. ಗೋಡೆಯ ಅಂಕಿ ನೋಡಿ ಮತ್ತೆ ಅಲ್ಲಿಗೇ ತರಬಹುದು.